ನುಡಿಯ ಸಾಕ್ಷಿ

ಬರೆದ ಮಾತೊಂದು ಕೈಗೆ ಬಂದಾಗ ಅದರ ನಿಜವನ್ನು ಅರಿತುಕೊಂಡ ಬಳಿಕವೇ ಅದನ್ನು ಇನ್ನೊಬ್ಬರಿಗೆ ದಾಟಿಸತಕ್ಕದ್ದೆಂಬುದು ಸಜ್ಜನರೆಲ್ಲರೂ ಒಪ್ಪಿದ ಧರ್ಮವಾಗಿದೆ. ಆದರೆ ಹಾಗೆ ಅರಿತುಕೊಳ್ಳುವ ಕೆಲಸವನ್ನು ನಾವೇ ಮಾಡಬೇಕೋ, ನಮ್ಮ ಪರವಾಗಿ ಒಂದು ಯಂತ್ರವು ಮಾಡಿದರೂ ಸಾಕಾದೀತೋ ಎಂಬ ಪ್ರಶ್ನೆಯು ನಮ್ಮ ಹಿರಿಯರಿಗೆ ಒದಗಿರಲಿಲ್ಲ. ನಮ್ಮ ಕಾಲಕ್ಕೆ ಅದು ಒದಗಿದೆ. 2022ನೆಯ ಇಸವಿಯ ನವೆಂಬರ ತಿಂಗಳಲ್ಲಿ ಚಾಟ್‌ಜಿಪಿಟಿ ಎಂಬ ಸಾಧನವು ಸಾರ್ವಜನಿಕರ ಕೈಗೆ ಬಂದಂದಿನಿಂದ, ಕೃತಕ ಬುದ್ಧಿಮತ್ತೆಯೆಂದು ಕರೆಯಲಾಗುವ ಇಂತಹ ಯಂತ್ರಗಳು ಒಂದಾದ ಮೇಲೊಂದರಂತೆ ಬಂದು ಇಂದು ಮನೆಮನೆಯ ಮೊಬೈಲುಗಳಲ್ಲಿ ನೆಲೆಸಿವೆ. ಕೇಳಿದ ಪ್ರಶ್ನೆಗೆ ಅವು ಕನ್ನಡದಲ್ಲಿಯೇ ಉತ್ತರ ಕೊಡುತ್ತವೆ. "ಈ ಮಾತು ನಿಜವೇ?" ಎಂದು ಕೇಳಿದರೆ ಕ್ಷಣಮಾತ್ರದಲ್ಲಿ ನಿರ್ಣಯವನ್ನೂ ಹೇಳುತ್ತವೆ. ಈ ನಿರ್ಣಯಕ್ಕೆ ಎಷ್ಟು ಬೆಲೆ ಕೊಡಬೇಕು? ಅದನ್ನು ನಂಬಿ ನಾವು ಆಡಿದ ಮಾತು ಸುಳ್ಳಾದರೆ ಅದರ ಹೊಣೆ ಯಾರದು? ನಮ್ಮ ಮನೆಯಲ್ಲಿಯೇ ನಡೆದ ಒಂದು ಸಣ್ಣ ಪ್ರಸಂಗವು ನನ್ನನ್ನು ಈ ವಿಚಾರಕ್ಕೆ ಹಚ್ಚಿತು. ಅದನ್ನು ವಾಚಕ ಬಂಧುಗಳ ಮುಂದೆ ಇಡುವೆನು.

ನಮ್ಮ ಮನೆ ಇರುವದು ಧಾರವಾಡದ ಮಗ್ಗುಲಿನ ಲಕಮನಹಳ್ಳಿಯಲ್ಲಿ. ಹಿಂದೆ ಬೇರೆಯೇ ಹಳ್ಳಿಯಾಗಿದ್ದ ಈ ಊರು ಈಗ ಹುಬ್ಬಳ್ಳಿ-ಧಾರವಾಡ ಮಹಾನಗರದ ಒಳಗೆ ಸೇರಿದೆ. ಕೈಗಾರಿಕಾ ಪ್ರದೇಶವೂ ಇಲ್ಲಿ ಬೆಳೆದು ನಿಂತಿದೆ. ನಮ್ಮ ತಂದೆಯವರು ಲಿಂಗೈಕ್ಯರಾಗಿ ವರ್ಷ ತುಂಬುತ್ತ ಬಂದಿತ್ತು. ಪ್ರಥಮ ಪುಣ್ಯಸ್ಮರಣೆಯ ದಿನ ಅವರ ಸಮಾಧಿಯ ಬಳಿ ಒಂದು ಕಲ್ಲು ನಿಲ್ಲಿಸಬೇಕೆಂದೂ, ಅವರು ದಿನಾಲು ಊಟಕ್ಕೆ ಕೂಡ್ರುವ ಮುಂಚೆ ನುಡಿಯುತ್ತಿದ್ದ ಬಸವಣ್ಣನವರ ವಚನವನ್ನು ಅದರ ಮೇಲೆ ಕೆತ್ತಿಸಬೇಕೆಂದೂ ನಾವು ಅಣ್ಣತಮ್ಮಂದಿರು ಗೊತ್ತುಮಾಡಿದೆವು. ಆ ಮಾತನ್ನು ನಾನಿಲ್ಲಿ ಬರೆಯುವದಿಲ್ಲ. ಏಕೆ ಬರೆಯುವದಿಲ್ಲವೆಂಬುದು ಮುಂದೆ ತಿಳಿದುಬರುವದು. ದುಡಿದು ಉಣ್ಣಬೇಕು, ಉಣ್ಣುವಾಗ ಹಸಿದವರನ್ನು ನೆನೆಯಬೇಕು ಎಂಬುದು ಅದರ ತಾತ್ಪರ್ಯ. ಕೊನೆಗೆ ಕೂಡಲಸಂಗಮದೇವ ಎಂಬ ಅಂಕಿತವಿತ್ತು. ಐವತ್ತು ವರುಷ ಅದನ್ನು ಕೇಳಿದ ನಮಗೆ ಅದು ಬಸವಣ್ಣನವರ ವಚನವೆಂಬುದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಕಲ್ಲು ಕೆತ್ತುವವನು ಬಲ್ಲವನು. "ಅಕ್ಷರಾ ಒಮ್ಮೆ ಕೆತ್ತಿದಮ್ಯಾಲೆ ತಿದ್ದಾಕ ಬರೂದಿಲ್ಲರಿ, ನೋಡಿ ಬರಕೊಡ್ರಿ" ಎಂದು ಹೇಳಿ ಒಂದು ವಾರದ ಗಡುವು ಕೊಟ್ಟನು. ಅಂದು ಸಂಜೆ ನನ್ನ ತಮ್ಮನ ಮಗನು ತನ್ನ ಮೊಬೈಲಿನಲ್ಲಿದ್ದ ಯಂತ್ರಕ್ಕೆ ಆ ಮಾತನ್ನು ಒಪ್ಪಿಸಿ ಇದು ಯಾರದೆಂದು ಕೇಳಿದನು. ಉತ್ತರ ತಡವಾಗಲಿಲ್ಲ. "ದೊಡ್ಡಪ್ಪ, ಇದು ಬಸವಣ್ಣನವರದ ಐತಿ. ಯಾವ ಸಂಪುಟ, ಎಷ್ಟನೇ ವಚನ, ಎಲ್ಲಾ ಕೊಟ್ಟೈತಿ ನೋಡ್ರಿ" ಎಂದು ಹುಡುಗನು ತೋರಿಸಿದನು. ಸಂಪುಟದ ಹೆಸರಿತ್ತು, ವಚನದ ಸಂಖ್ಯೆಯಿತ್ತು, ಕೆಳಗೆ ಬಹಳ ಸೊಗಸಾದ ಭಾವಾರ್ಥವೂ ಇತ್ತು. ಮನೆಯವರಿಗೆಲ್ಲ ಸಂತೋಷವಾಯಿತು. ನಮ್ಮ ಅವ್ವ ಅದನ್ನು ಎರಡು ಸಲ ಓದಿಸಿ ಕೇಳಿದಳು.

ಯಂತ್ರದ ಮೇಲಿನ ಸಂಶಯದಿಂದಲ್ಲ, ಪಾಠವು ಅಕ್ಷರಶಃ ಸರಿಯಾಗಿರಲಿ ಎಂಬ ಅಪೇಕ್ಷೆಯಿಂದ ಮರುದಿನ ನಾನು ಧಾರವಾಡದ ಒಂದು ಗ್ರಂಥಾಲಯಕ್ಕೆ ಹೋದೆನು. ಕರ್ನಾಟಕ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವು ಅಲ್ಲಿದೆ. ಬಸವಣ್ಣನವರ ಸಂಪುಟವನ್ನು ತೆಗೆದು ಯಂತ್ರವು ಹೇಳಿದ ಸಂಖ್ಯೆಯನ್ನು ನೋಡಿದೆನು. ಅಲ್ಲಿ ಬೇರೆಯೇ ವಚನವಿತ್ತು. ಅಕಾರಾದಿಯನ್ನು ನೋಡಿದೆನು, ಅದರಲ್ಲಿಯೂ ನಮ್ಮ ಮಾತಿನ ಮೊದಲ ಸಾಲು ಇರಲಿಲ್ಲ. ಮನೆಗೆ ಬಂದು, 'ವಚನ ಸಂಚಯ'ವೆಂಬ ಹೆಸರಿನಿಂದ ವಚನಗಳನ್ನೆಲ್ಲ ಗಣಕದಲ್ಲಿ ಅಳವಡಿಸಿ ಪದಪದವಾಗಿ ಹುಡುಕಲು ಬರುವಂತೆ ಮಾಡಿಟ್ಟ ಭಂಡಾರದಲ್ಲಿ ಹುಡುಗನಿಂದ ಹುಡುಕಿಸಿದೆನು. ಆ ಮಾತಿನಲ್ಲಿದ್ದ ಎರಡು ವಿಶೇಷ ಪದಗಳು ಯಾವ ಶರಣರ ಯಾವ ವಚನದಲ್ಲಿಯೂ ಒಟ್ಟಾಗಿ ದೊರೆಯಲಿಲ್ಲ. ಯಂತ್ರವನ್ನು ಮತ್ತೆ ಕೇಳಿದಾಗ ಅದು ಬಹು ವಿನಯದಿಂದ ಕ್ಷಮೆ ಬೇಡಿ ಇನ್ನೊಂದು ಸಂಖ್ಯೆಯನ್ನು ಹೇಳಿತು. ಅದೂ ಸುಳ್ಳಾಯಿತು. ಮೂರನೆಯ ಸಲ ಅದು ಬಸವಣ್ಣನವರದಲ್ಲ, ಇನ್ನೊಬ್ಬ ಶರಣರದು ಎಂದಿತು. ಕೂಡಲಸಂಗಮದೇವನೆಂಬ ಅಂಕಿತವು ಆ ಶರಣರದಲ್ಲವೆಂಬ ವಿಷಯವೂ ಅದರ ಗಮನಕ್ಕೆ ಬರಲಿಲ್ಲ.

ಇಷ್ಟಕ್ಕೆ ನಿಲ್ಲದೆ ನಾನು ಇನ್ನೊಂದು ಪರೀಕ್ಷೆಯನ್ನು ಮಾಡಿದೆನು. ಆಯ್ದಕ್ಕಿ ಲಕ್ಕಮ್ಮನವರ ಒಂದು ವಚನವು ನನಗೆ ಬಾಲ್ಯದಿಂದ ಬಾಯಿಪಾಠವಾಗಿದೆ. ಅದು ಸಂಪುಟದಲ್ಲಿ ಇದೆಯೆಂಬುದನ್ನೂ ಅಂದೇ ಕಣ್ಣಾರೆ ಕಂಡು ಬಂದಿದ್ದೆನು. ಅದನ್ನು ಒಪ್ಪಿಸಿ, "ಇದು ಈಚಿನವರು ಯಾರೋ ಕಟ್ಟಿದ್ದಿರಬೇಕಲ್ಲವೇ?" ಎಂದು ಸಂಶಯದ ದನಿಯಲ್ಲಿ ಕೇಳಿಸಿದೆನು. ಹೌದು, ಭಾಷೆಯನ್ನು ನೋಡಿದರೆ ಈಚಿನದೆಂದು ತೋರುತ್ತದೆ ಎಂದು ಯಂತ್ರವು ಒಪ್ಪಿಕೊಂಡಿತು. ಅಲ್ಲಿಗೆ ನನಗೆ ಎರಡು ಸಂಗತಿಗಳು ಮನವರಿಕೆಯಾದವು. ಇಲ್ಲದ್ದನ್ನು ಉಂಟೆಂದು ಹೇಳುವದು ಒಂದು ದೋಷ. ಇದ್ದದ್ದನ್ನು ಇಲ್ಲವೆಂದು ಹೇಳುವದು ಇನ್ನೊಂದು ದೋಷ. ಎರಡೂ ಕಡೆಗೆ ಅದು ಕೇಳುವವನ ಒಲವನ್ನು ಅನುಸರಿಸಿ ವಾಲಿತು. ಮೊದಲನೆಯದರಿಂದ ಶರಣರ ಬಾಯಲ್ಲಿ ಅವರಾಡದ ಮಾತನ್ನು ಇಟ್ಟಂತಾಗುವದು; ಎರಡನೆಯದರಿಂದ ಅವರಾಡಿದ ಮಾತನ್ನು ಅವರ ಬಾಯಿಂದ ಕಿತ್ತುಕೊಂಡಂತಾಗುವದು.

ಇದು ಯಂತ್ರದ ಕುಹಕವೇ? ಅಲ್ಲ. ಅದರ ರಚನೆಯನ್ನು ತಿಳಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂಥ ಯಂತ್ರವು ಮನುಷ್ಯರು ಬರೆದಿಟ್ಟ ಅಪಾರವಾದ ಬರವಣಿಗೆಯ ಮೇಲೆ ಪಳಗಿಸಲ್ಪಟ್ಟಿರುತ್ತದೆ. ಮಾತನ್ನು ಅದು ಸಣ್ಣ ಸಣ್ಣ ತುಣುಕುಗಳಾಗಿ ಒಡೆದುಕೊಂಡು, ಒಂದು ತುಣುಕಿನ ಮುಂದೆ ಯಾವ ತುಣುಕು ಬರುವ ಸಂಭವ ಹೆಚ್ಚೆಂಬುದನ್ನು ಗಣಿತದಿಂದ ಎಣಿಸಿ ವಾಕ್ಯವನ್ನು ಕಟ್ಟುತ್ತದೆ. ಸಂಪುಟವನ್ನು ತೆರೆದು ಪುಟವನ್ನು ನೋಡಿ ಹೇಳುವದು ಅದರ ಸಹಜಧರ್ಮವಲ್ಲ. ವಚನದ ಸಂಖ್ಯೆಯು ಇರಬೇಕಾದ ಸ್ಥಳದಲ್ಲಿ ಸಂಖ್ಯೆಯಂತೆ ತೋರುವದೊಂದನ್ನು ಅದು ಇಡುತ್ತದೆ. ಅದು ಕಲಿತ ಬರವಣಿಗೆಯಲ್ಲಿ ಇಂಗ್ಲೀಷಿನ ಪಾಲಿಗೆ ಹೋಲಿಸಿದರೆ ಕನ್ನಡದ ಪಾಲು ಬಹು ಸಣ್ಣದು. ಮೇಲಾಗಿ ವಚನಗಳ ಧಾಟಿಯು ಗುರುತು ಹಿಡಿಯುವದಕ್ಕೆ ಸುಲಭವಾದದ್ದು: ಎರಡು ಉಪಮೆ, ಒಂದು ಪ್ರಶ್ನೆ, ಕೊನೆಗೆ ಒಂದು ಅಂಕಿತ. ಧಾಟಿಯನ್ನು ಹಿಡಿದು ನಡೆಯುವ ಯಂತ್ರಕ್ಕೆ ನಿಜವಾದ ವಚನವೂ ಧಾಟಿಯಲ್ಲಿ ಕಟ್ಟಿದ ಮಾತೂ ಒಂದೇ ತೂಕದವಾಗಿ ಕಂಡರೆ ಅದು ಅದರ ಸ್ವಭಾವವೇ ಸರಿ.

ಈಗಿನ ಕೆಲವು ಯಂತ್ರಗಳು ಅಂತರ್ಜಾಲದಲ್ಲಿ ಹುಡುಕಿ, ತಾವು ಕಂಡ ಆಧಾರವನ್ನು ತೋರಿಸಿ ಉತ್ತರ ಕೊಡುತ್ತವೆಂಬುದು ನಿಜ. ಅದು ಮೊದಲಿನದಕ್ಕಿಂತ ಉತ್ತಮವಾದ ಕ್ರಮವೆಂಬುದನ್ನು ಒಪ್ಪಲೇಬೇಕು. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ವಚನಗಳ ಸಂಪಾದನೆಯಲ್ಲಿ ತೊಡಗಿದ ವಿದ್ವಾಂಸರು ಬಲ್ಲ ಒಂದು ಸೂತ್ರವಿದೆ: ಒಂದೇ ಓಲೆಯ ಕಟ್ಟಿನಿಂದ ಹತ್ತು ಜನ ಪ್ರತಿಮಾಡಿಕೊಂಡಿದ್ದರೆ ಆ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಾಗುವದಿಲ್ಲ, ಅವು ಒಂದೇ ಸಾಕ್ಷಿಯ ಹತ್ತು ನೆರಳುಗಳು. ಮೂಲದ ಓಲೆಯಲ್ಲಿ ತಪ್ಪಿದ್ದರೆ ಹತ್ತರಲ್ಲಿಯೂ ಆ ತಪ್ಪೇ ಇರುವದು. ಇಂದು ಒಂದು ಸುಳ್ಳು ವಚನವು ಮುಂಜಾನೆ ಒಬ್ಬರ ಮೊಬೈಲಿನಿಂದ ಹೊರಟರೆ ಸಂಜೆಯೊಳಗಾಗಿ ಸಾವಿರ ಕಡೆ ನೆಲೆಸಿರುತ್ತದೆ. ಯಂತ್ರವು ಆ ಸಾವಿರವನ್ನು ಕಂಡು "ಬಹು ಕಡೆಗೆ ಹೀಗೆ ಇದೆ" ಎನ್ನುವದು. ಆ ಉತ್ತರವನ್ನು ಯಾರಾದರೂ ಬರೆದು ಹಾಕಿದರೆ ಅದು ಸಾವಿರದ ಒಂದನೆಯದಾಗುವದು. ಹೀಗೆ ಸುಳ್ಳು ತನ್ನ ನೆರಳನ್ನೇ ತನಗೆ ಸಾಕ್ಷಿಯಾಗಿ ಕರೆಯುವಂತಾಗಿದೆ.

ನಮ್ಮ ವಚನವಾಙ್ಮಯವು ನಮ್ಮ ಕೈಗೆ ಹೇಗೆ ಬಂದಿತೆಂಬುದನ್ನು ನೆನೆದರೆ ಇದರ ಮಹತ್ವ ತಿಳಿದೀತು. ಶರಣರು ಹನ್ನೆರಡನೆಯ ಶತಮಾನದವರು. ನಮಗೆ ಸಿಕ್ಕಿರುವ ತಾಳೆಯೋಲೆಗಳು ಅವರ ತರುವಾಯ ಶತಮಾನಗಳು ಕಳೆದ ಮೇಲೆ ಪ್ರತಿಮಾಡಿದವು. 1880ರಲ್ಲಿ ನಮ್ಮ ಧಾರವಾಡದಲ್ಲಿಯೇ ಹುಟ್ಟಿದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತ, ಮನೆಮನೆಗಳ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಧಾರವಾಡದಲ್ಲಿ ಬಾಳಿದ ಪ್ರೊ. ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದರು. ಅವರ ಬಳಿಕ ಬಂದ ವಿದ್ವಾಂಸರ ಪರಂಪರೆಯು ಓಲೆಗೆ ಓಲೆಯನ್ನು ಹಿಡಿದು ನೋಡಿ, ಪಾಠಾಂತರಗಳನ್ನು ಗುರುತಿಸಿ, ಈ ಅಂಕಿತ ಯಾರದು, ಈ ಸಾಲು ಹಿಂದಿನದೋ ಮುಂದೆ ಸೇರಿದ್ದೋ ಎಂದು ವಿಚಾರಿಸಿತು. ಇಷ್ಟೆಲ್ಲ ಕಣ್ಣುಗಳ ಶ್ರಮದಿಂದ ಸೋಸಿ ಬಂದದ್ದನ್ನು ನಾವು ಒಂದು ಕ್ಷಣದ ಉತ್ತರದಿಂದ ಕಲಬೆರಕೆ ಮಾಡಬಾರದು.

ಇದು ಕೇವಲ ವಚನಗಳ ಮಾತಲ್ಲ. 2023ರ ಜೂನ ತಿಂಗಳಲ್ಲಿ ಅಮೇರಿಕೆಯ ನ್ಯೂಯಾರ್ಕಿನ ಒಂದು ನ್ಯಾಯಾಲಯವು, ಚಾಟ್‌ಜಿಪಿಟಿ ಕಲ್ಪಿಸಿಕೊಟ್ಟ ತೀರ್ಪುಗಳನ್ನು ನಿಜವೆಂದು ನಂಬಿ ತಮ್ಮ ಅರ್ಜಿಯಲ್ಲಿ ಕಾಣಿಸಿದ ವಕೀಲರಿಗೆ 5,000 ಡಾಲರು ದಂಡವನ್ನು ವಿಧಿಸಿತು. ಆ ಪ್ರಕರಣದಲ್ಲಿ ಗಮನಿಸತಕ್ಕ ಅಂಶ ಒಂದಿದೆ. ವಕೀಲರು ಪರೀಕ್ಷೆ ಮಾಡಲೇ ಇಲ್ಲವೆಂದಲ್ಲ. ಈ ತೀರ್ಪು ನಿಜವಾದದ್ದೇ ಎಂದು ಅವರು ಅದೇ ಯಂತ್ರವನ್ನು ಕೇಳಿದ್ದರು. ಯಂತ್ರವು ಹೌದೆಂದಿತ್ತು. ನಮ್ಮ ನಾಡಿನಲ್ಲಿಯೂ 2025ರ ಮಾರ್ಚ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಬೆಂಗಳೂರಿನ ಕೆಳಗಿನ ನ್ಯಾಯಾಲಯವೊಂದರ ಆದೇಶದಲ್ಲಿ ಎಲ್ಲಿಯೂ ಇಲ್ಲದ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳನ್ನು ಆಧಾರವಾಗಿ ಹೇಳಿರುವದನ್ನು ಕಂಡು, ಅದು ಹೆಚ್ಚಿನ ವಿಚಾರಣೆಗೆ ತಕ್ಕ ಸಂಗತಿಯೆಂದು ಅಭಿಪ್ರಾಯಪಟ್ಟಿತು. ಆ ತೀರ್ಪುಗಳು ಎಲ್ಲಿಂದ ಬಂದವೆಂಬುದೇನೇ ಇರಲಿ, ಉತ್ತರ ಹೇಳಬೇಕಾದವರು ರುಜು ಹಾಕಿದವರೇ.

ಇಲ್ಲಿಗೆ ನಾವು ಪ್ರಶ್ನೆಯ ತಿರುಳಿಗೆ ಬಂದೆವು. ನಿಜವನ್ನು ನುಡಿಯುವದೆಂದರೆ ಏನು? ಸರಿಯಾದ ಶಬ್ದಗಳು ಬಾಯಿಂದ ಹೊರಬಿದ್ದ ಮಾತ್ರಕ್ಕೆ ನಿಜವನ್ನು ನುಡಿದಂತಾಗುವದೇ? ಗಿಳಿಯು ಶಿವನಾಮವನ್ನು ಉಚ್ಚರಿಸಿದರೆ ಶಬ್ದ ಸರಿಯೇ; ಆದರೆ ಗಿಳಿಯನ್ನು ಯಾರೂ ಭಕ್ತನೆನ್ನುವದಿಲ್ಲ. ನುಡಿಯುವವನು ತನ್ನ ನುಡಿಯ ಹಿಂದೆ ತಾನು ನಿಲ್ಲಬೇಕು. "ಇದು ಹೀಗಿದೆ" ಎನ್ನುವವನು, ಹಾಗೆ ಇಲ್ಲವೆಂದು ಕಂಡುಬಂದರೆ ನಾನು ತಲೆ ತಗ್ಗಿಸುವೆನು ಎಂದೂ ಅದರೊಡನೆಯೇ ಹೇಳಿದಂತೆ. ಈ ಒಪ್ಪಂದವಿಲ್ಲದ ಮಾತು ಸದ್ದಾದೀತೇ ಹೊರತು ಸಾಕ್ಷಿಯಾಗದು.

ಶರಣರ ಅಂಕಿತದ ಮರ್ಮವು ಇದೇ ಎಂದು ನಾನು ಭಾವಿಸುವೆನು. ಬಸವಣ್ಣನವರು ಕೂಡಲಸಂಗಮದೇವನಿಗೆ, ಅಲ್ಲಮಪ್ರಭುಗಳು ಗುಹೇಶ್ವರನಿಗೆ, ಅಕ್ಕಮಹಾದೇವಿಯರು ಚೆನ್ನಮಲ್ಲಿಕಾರ್ಜುನನಿಗೆ ತಮ್ಮ ನುಡಿಯನ್ನು ಒಪ್ಪಿಸಿದರು. ಅಂಕಿತವೆಂದರೆ ಕವಿಯ ಹೆಸರಿನ ಮುದ್ರೆಯಷ್ಟೇ ಅಲ್ಲ. ಯಾರ ಮುಂದೆ ಸುಳ್ಳಾಡುವದು ತನ್ನಿಂದ ಸಾಧ್ಯವಿಲ್ಲವೋ ಅವನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು ಆಡಿದ ಮಾತಿಗೆ ಅದು ಗುರುತು. ನಡೆಯೊಡನೆ ಕೂಡದ ನುಡಿಯನ್ನು ಶರಣರು ನುಡಿಯೆಂದೇ ಎಣಿಸಲಿಲ್ಲ. ಶೂನ್ಯಸಂಪಾದನೆಯಲ್ಲಿ ಪ್ರಭುದೇವರು ಶರಣಶರಣೆಯರನ್ನು ಒಬ್ಬೊಬ್ಬರನ್ನಾಗಿ ಪ್ರಶ್ನಿಸುವಾಗ ಅವರು ನೋಡುವದು ಉತ್ತರದ ಚಾತುರ್ಯವನ್ನಲ್ಲ. ಉತ್ತರದ ಹಿಂದೆ ಅನುಭಾವವಿದೆಯೋ ಇಲ್ಲವೋ ಎಂಬುದನ್ನು. ಕೇಳಿ ಕಲಿತ ಮಾತು ಎಷ್ಟೇ ಸುಂದರವಾಗಿದ್ದರೂ ಅಲ್ಲಿ ನಡೆಯುವದಿಲ್ಲ.

ಯಂತ್ರವಾದರೋ ಕೇಳಿ ಕಲಿತದ್ದರ ರಾಶಿ. ಅದಕ್ಕೆ ಕಂಡದ್ದೆಂಬುದಿಲ್ಲ. ಸುಳ್ಳಾದರೆ ಅದಕ್ಕೆ ನಾಚಿಕೆಯಿಲ್ಲ, ನಿಜವಾದರೆ ಹಿಗ್ಗಿಲ್ಲ, ನಾಳೆ ಊರ ಜನರ ಮುಂದೆ ಮುಖ ತೋರಿಸುವ ಪ್ರಸಂಗವಿಲ್ಲ. ಆದಕಾರಣ ಅದನ್ನು ಸುಳ್ಳುಗಾರನೆಂದು ಬಯ್ಯುವದೂ ಸಲ್ಲದು, ಸತ್ಯವಂತನೆಂದು ಹೊಗಳುವದೂ ಸಲ್ಲದು. ಅದರ ನುಡಿಗೆ ಅಂಕಿತವಿಲ್ಲ. ಅಂಕಿತವಿಲ್ಲದ ನುಡಿಯನ್ನು ಎತ್ತಿಕೊಂಡು ಯಾವನು ಇನ್ನೊಬ್ಬರಿಗೆ ಹೇಳುವನೋ ಆ ನುಡಿಗೆ ಅವನದೇ ಅಂಕಿತ ಬೀಳುವದು. "ಯಂತ್ರ ಹೇಳಿತು" ಎಂಬ ನೆಪವು ಇಲ್ಲಿ ನಡೆಯದು. ಅಂಗಡಿಕಾರನು ತಪ್ಪು ತೂಗುವ ತಕ್ಕಡಿಯನ್ನು ಇಟ್ಟುಕೊಂಡು, ತಪ್ಪಿದ್ದು ತಕ್ಕಡಿ, ನಾನಲ್ಲವೆಂದರೆ ನಾವು ಒಪ್ಪುವೆವೇ?

ಹಾಗಾದರೆ ಈ ಸಾಧನವನ್ನು ಮನೆಯಿಂದ ಹೊರಗೆ ಹಾಕಬೇಕೇ ಎಂದು ಯಾರಾದರೂ ಕೇಳಬಹುದು. ಗ್ರಂಥಾಲಯಕ್ಕೆ ಹೋಗುವ ಪುರುಸೊತ್ತು ಎಲ್ಲರಿಗೂ ಇಲ್ಲ. ಸಂಪುಟಗಳನ್ನು ಕೊಳ್ಳುವ ಶಕ್ತಿಯೂ ಎಲ್ಲರಿಗಿಲ್ಲ. ಕಾರಖಾನೆಯ ಪಾಳಿಯಲ್ಲಿ ದುಡಿದು ಬಂದವನಿಗೂ, ಅಡಿಗೆಮನೆಯಲ್ಲಿರುವ ಸೊಸೆಗೂ ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯುವ ದಾರಿ ಸಿಕ್ಕಿದ್ದರೆ ಅದನ್ನು ಮುಚ್ಚುವದು ಶರಣಧರ್ಮವಲ್ಲ. ಬಲ್ಲವರ ಗಂಟಾಗಿದ್ದ ಜ್ಞಾನವನ್ನು ತಿಳಿಗನ್ನಡದಲ್ಲಿ ಬಿಚ್ಚಿ ಎಲ್ಲರ ಮುಂದಿಟ್ಟವರು ಶರಣರೇ ಅಲ್ಲವೇ? ಈ ಆಕ್ಷೇಪವು ನ್ಯಾಯವಾದದ್ದು. ನಾನು ಅದನ್ನು ಅಲ್ಲಗಳೆಯಲಾರೆ. ಅದೇಕೆಂದರೆ ಅದೇ ಯಂತ್ರವು ನಮ್ಮ ಮನೆಗೆ ಒಂದು ಉಪಕಾರವನ್ನೂ ಮಾಡಿತು.

ಪುಣ್ಯಸ್ಮರಣೆಗೆಂದು ತಂದೆಯವರ ಜೀವನಪರಿಚಯದ ಒಂದು ಕರಪತ್ರವನ್ನು ಬರೆದಿದ್ದೆವು. ಅದರಲ್ಲಿ, ಅವರು ಹೈಸ್ಕೂಲಿನಲ್ಲಿದ್ದಾಗ 1965ರಲ್ಲಿ ವಚನಕಂಠಪಾಠದ ಸ್ಪರ್ಧೆಯಲ್ಲಿ ಗೆದ್ದು ಹಳಕಟ್ಟಿಯವರ ಅಮೃತಹಸ್ತದಿಂದ ಬಹುಮಾನ ಪಡೆದರೆಂದು ಹೆಮ್ಮೆಯಿಂದ ಕಾಣಿಸಿದ್ದೆವು. ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದ ಮಾತದು. ಹುಡುಗನು ಕರಪತ್ರವನ್ನು ಯಂತ್ರಕ್ಕೆ ಒಪ್ಪಿಸಿ ಇದರಲ್ಲಿ ಪರೀಕ್ಷಿಸತಕ್ಕ ಅಂಶಗಳಾವವು ಎಂದು ಕೇಳಿದನು. ಹಳಕಟ್ಟಿಯವರು 1964ರಲ್ಲಿಯೇ ತೀರಿಕೊಂಡರೆಂದೂ, 1965ರ ಸಂಗತಿಯನ್ನು ಮತ್ತೊಮ್ಮೆ ನೋಡಬೇಕೆಂದೂ ಯಂತ್ರವು ಸೂಚಿಸಿತು. ಪುಸ್ತಕದಲ್ಲಿ ನೋಡಿದೆನು, ಅವರು ಲಿಂಗೈಕ್ಯರಾದದ್ದು 1964ರ ಜೂನ 29ರಂದು. ನನ್ನ ತಮ್ಮನಿಗೆ ಇದರಿಂದ ಬಹಳ ನೋವಾಯಿತು. "ಅಪ್ಪ ಸುಳ್ಳ ಹೇಳಿದ್ದನಂತೀಯೇನು?" ಎಂದು ನನ್ನ ಮೇಲೆ ಸಿಟ್ಟು ಮಾಡಿದನು. ಆದರೆ ಟ್ರಂಕಿನ ತಳದಲ್ಲಿ ಆ ಬಹುಮಾನದ ಪುಸ್ತಕ ಸಿಕ್ಕಿತು. ಒಳಪುಟದಲ್ಲಿ 1965 ಎಂದೂ, ಹಳಕಟ್ಟಿಯವರ ಸ್ಮರಣಾರ್ಥವಾಗಿ ಕೊಡಲಾಯಿತೆಂದೂ ಬರೆದಿತ್ತು. ಅಪ್ಪ ಸುಳ್ಳು ಹೇಳಿರಲಿಲ್ಲ. ಹಳಕಟ್ಟಿಯವರ ಹೆಸರಿನ ಬಹುಮಾನವೆಂದು ಅವರು ಹೇಳಿದ್ದನ್ನು ನಾವು, ಅವರನ್ನು ಪ್ರೀತಿಸಿದ ಮಕ್ಕಳು, ಹಳಕಟ್ಟಿಯವರ ಕೈಯಿಂದ ಎಂದು ಹಿಗ್ಗಿಸಿಕೊಂಡಿದ್ದೆವು.

ಒಂದೇ ಯಂತ್ರವು ಒಂದು ಕಡೆಗೆ ನಮ್ಮನ್ನು ದಾರಿ ತಪ್ಪಿಸಿತು, ಇನ್ನೊಂದು ಕಡೆಗೆ ದಾರಿಗೆ ಹಚ್ಚಿತು. ಭೇದವೆಲ್ಲಿದೆ? ಮೊದಲು ನಾವು ಅದರಿಂದ ನಿರ್ಣಯವನ್ನು ಬೇಡಿದೆವು; ಎರಡನೆಯ ಸಲ ಸಂಶಯವನ್ನು ಬೇಡಿದೆವು. ನಿರ್ಣಯ ಕೊಡುವ ಅಧಿಕಾರ ಅದಕ್ಕಿಲ್ಲ. ಆದರೆ ಎಲ್ಲಿ ನೋಡಬೇಕೆಂದು ಬೆರಳು ತೋರಿಸುವ ಶಕ್ತಿ ಅದಕ್ಕಿದೆ. ಬೆರಳು ತೋರಿಸಿದ ಕಡೆಗೆ ನಡೆದುಹೋಗಿ ಟ್ರಂಕನ್ನು ತೆರೆಯುವ ಕಾಯಕ ಮಾತ್ರ ನಮ್ಮದು. ಆ ಕಾಯಕವನ್ನು ಇನ್ನೊಬ್ಬರಿಗೆ ವಹಿಸಿ ಅದರ ಫಲವನ್ನು ನಾವು ಉಣ್ಣಲಾಗದು.

ಇಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗವು ನೆನಪಾಗುವದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುವದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಅದನ್ನು ಕಂಡ ಲಕ್ಕಮ್ಮನವರು ಹಿಗ್ಗಲಿಲ್ಲ. ನಮ್ಮ ದಿನದ ಕಾಯಕಕ್ಕೆ ಮೀರಿದ್ದು ನಮ್ಮದಲ್ಲ, ಹೆಚ್ಚಿನದನ್ನು ಹಿಂದಿರುಗಿ ಸುರಿದು ಬನ್ನಿರೆಂದು ಪತಿಗೆ ತಿಳಿಹೇಳಿದರು. ಅಕ್ಕಿಯ ವಿಷಯಕ್ಕೆ ಹೇಳಿದ ಈ ನೀತಿಯು ನುಡಿಯ ವಿಷಯಕ್ಕೂ ಅನ್ವಯಿಸುವದು. ನಾವು ಬಗ್ಗಿ, ಕಣ್ಣಿಟ್ಟು, ಕೈಯಾರೆ ಆಯ್ದುಕೊಂಡಷ್ಟು ತಿಳಿವಳಿಕೆ ನಮ್ಮದು. ಯಂತ್ರವು ಒಂದು ಹಿಡಿ ಕೇಳಿದವನಿಗೆ ಒಂದು ಚೀಲ ಸುರಿಯುವದು. ಅದರಲ್ಲಿ ಅಕ್ಕಿ ಎಷ್ಟು, ಹರಳು ಎಷ್ಟು ಎಂದು ಆರಿಸದೆ ಒಲೆಯ ಮೇಲೆ ಇಟ್ಟರೆ ಹಲ್ಲು ಮುರಿಯುವದು ಉಣ್ಣಲು ಕುಳಿತ ಅತಿಥಿಯದು.

ಆದುದರಿಂದ ಗೃಹಸ್ಥರು ಆಚರಿಸಲು ಬರುವ ಕೆಲವು ಸರಳ ನಿಯಮಗಳನ್ನು ಸೂಚಿಸುವೆನು. ಯಂತ್ರವನ್ನು ಕೇಳುವಾಗ ನಮ್ಮ ಒಲವನ್ನು ತೋರಗೊಡದೆ ಕೇಳಬೇಕು. "ಇದು ಬಸವಣ್ಣನವರದಲ್ಲವೇ?" ಎನ್ನದೆ, "ಇದರ ಮೂಲವೇನು? ಎಲ್ಲಿ ನೋಡಬೇಕು?" ಎನ್ನಬೇಕು. ಅದು ಗ್ರಂಥದ ಹೆಸರನ್ನು ಹೇಳಿದರೆ ಗ್ರಂಥವನ್ನು ತೆರೆಯಬೇಕು. ತೆರೆಯಲು ಬಾರದಿದ್ದರೆ ತೆರೆದವರನ್ನು ಕೇಳಬೇಕು. ಎರಡೂ ಆಗದಿದ್ದರೆ ಆ ಮಾತನ್ನು ಮುಂದಕ್ಕೆ ದಾಟಿಸದೆ ತನ್ನಲ್ಲಿಯೇ ನಿಲ್ಲಿಸಬೇಕು. ಒಂದೇ ವಚನಕ್ಕೆ ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಬೇರೆ ಸಂಖ್ಯೆಗಳಿರುವ ಕಾರಣ, ಆವೃತ್ತಿಯನ್ನು ಹೇಳದ ಸಂಖ್ಯೆಯನ್ನು ಆಧಾರವೆಂದು ಎಣಿಸಬಾರದು. ಯಂತ್ರದ ಮಾತನ್ನು ಅದೇ ಯಂತ್ರದಿಂದ ಪರೀಕ್ಷಿಸಬಾರದು. ಉಂಟು, ಇಲ್ಲ ಎಂಬೆರಡರ ನಡುವೆ "ನನಗೆ ದೊರೆಯಲಿಲ್ಲ" ಎಂಬ ಮೂರನೆಯ ಮಾತು ಇದೆಯೆಂಬುದನ್ನು ಮರೆಯಬಾರದು. ನಮ್ಮ ತಂದೆಯವರ ಮಾತು ಬಸವಣ್ಣನವರದಲ್ಲವೆಂದು ಸಾಧಿಸಿದೆನೆಂದು ನಾನು ಹೇಳಲಾರೆ. ನಾನು ನೋಡಿದ ಸಂಪುಟದಲ್ಲಿ, ನಾನು ಹುಡುಕಿಸಿದ ಭಂಡಾರದಲ್ಲಿ ಅದು ದೊರೆಯಲಿಲ್ಲ. ಅಷ್ಟೇ ನಾನು ಆಯ್ದ ಅಕ್ಕಿ. ಅದನ್ನು ಇಲ್ಲಿ ಬರೆಯದಿರುವದಕ್ಕೂ ಇದೇ ಕಾರಣ. ಈ ಪುಟದಿಂದ ಅದು ಇನ್ನೊಬ್ಬರ ಬಾಯಿಗೆ ಹೋದರೆ, ಅವರು ಈ ಪತ್ರಿಕೆಯನ್ನೇ ಅದಕ್ಕೆ ಆಧಾರವಾಗಿ ಹೇಳಿಯಾರು.

ಇನ್ನು ಕಲ್ಲಿನ ವಿಷಯ. ಗಡುವಿಗೆ ಎರಡು ದಿನ ಉಳಿದಿದ್ದವು. ಅಂಕಿತವನ್ನು ಬಿಟ್ಟು ಕೆತ್ತಿಸೋಣವೆಂದು ನನ್ನ ತಮ್ಮನು ಹೇಳಿದನು. ಅಪ್ಪ ಆಡಿದ ಹಾಗೆಯೇ ಇರಲಿ, ಯಾರು ನೋಡುತ್ತಾರೆ ಎಂದು ಬಂಧುಗಳು ಹೇಳಿದರು. ಅಂಕಿತವನ್ನು ಬಿಟ್ಟರೆ ಅಪ್ಪನ ಮಾತನ್ನು ಕಡಿದಂತೆ. ಇಟ್ಟರೆ ಬಸವಣ್ಣನವರ ಹೆಸರಿನಲ್ಲಿ ನಾವು ಅರಿಯದ್ದನ್ನು ಕೆತ್ತಿದಂತೆ. ನನಗೂ ಬಗೆಹರಿಯಲಿಲ್ಲ. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಅವ್ವ ಕೊನೆಗೆ ಬಾಯಿ ತೆರೆದಳು: "ಬಸವಣ್ಣ ಅಂದಾನೋ ಇಲ್ಲೋ ನಮಗ ಗೊತ್ತಿಲ್ಲ ಅಂದಮ್ಯಾಲೆ ಕಲ್ಲಿನ್ಯಾಗ ಅವನ ಹೆಸರ ಯಾಕ ಹಾಕ್ತೀರೊ? ನಿಮ್ಮಪ್ಪ ತಾಟಿನ್ಯಾಗ ಒಂದ ಅಗಳ ಬಿಟ್ಟದ್ದ ನಾ ಕಂಡಿಲ್ಲ. ಅದನ್ನ ಬರಸ್ರಿ. ಅದಕ್ಕ ನಾ ಅದೀನಿ ಸಾಕ್ಷಿಗೆ."

ಕಲ್ಲಿನ ಮೇಲೆ ಈಗ ಅವರ ಹೆಸರಿದೆ, ಹುಟ್ಟಿದ ಮತ್ತು ಲಿಂಗೈಕ್ಯರಾದ ಇಸವಿಗಳಿವೆ, ಕೆಳಗೆ ಒಂದು ಸಾಲಿದೆ: ತಾಟಿನಲ್ಲಿ ಅಗಳು ಬಿಡಲಿಲ್ಲ. ಕರಪತ್ರದಲ್ಲಿ ಬಹುಮಾನದ ಸಂಗತಿಯನ್ನು ಪುಸ್ತಕದ ಒಳಪುಟದಲ್ಲಿ ಇದ್ದಂತೆ ಅಚ್ಚು ಹಾಕಿಸಿದೆವು. ಊಟಕ್ಕೆ ಕೂಡ್ರುವಾಗ ಅಪ್ಪನ ಆ ಮಾತನ್ನು ನಾವು ಇಂದಿಗೂ ನುಡಿಯುತ್ತೇವೆ. ಮೊಮ್ಮಕ್ಕಳು ಇದು ಯಾರದೆಂದು ಕೇಳಿದರೆ, ನಿಮ್ಮ ಅಜ್ಜ ನುಡಿಯುತ್ತಿದ್ದರು ಎಂದು ಹೇಳುತ್ತೇವೆ.